ಗೋಕರ್ಣದಲ್ಲಿ ಖರ್ಚು ಮಾಡಿದ ದುಡ್ಡು ಗೋಕರ್ಣದಲ್ಲೇ ಉಳಿತದಾ?

ಟೂರಿಸಂ ಬಂದ್ರೆ ಊರು ಉದ್ಧಾರ ಆಗ್ತದೆ ಅನ್ನೋ ಮಾತು ನಮ್ಮ ಉತ್ತರ ಕನ್ನಡದಲ್ಲಿ ಪಂಚಾಯ್ತಿ ಮೀಟಿಂಗಿಂದ ಹಿಡಿದು ಚುನಾವಣೆ ಭಾಷಣದವರೆಗೆ ಎಲ್ಲಾ ಕಡೆ ಕೇಳ್ತದೆ. ಸುಳ್ಳು ಅಂತ ನಾನು ಹೇಳೋದಿಲ್ಲ. ಆದ್ರೆ ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಬದಿಗೆಲ್ಲ ವೀಕೆಂಡ್ ಬಂದ್ರೆ ಗಾಡಿ ನಿಲ್ಸೋಕೆ ಜಾಗ ಇಲ್ಲದಷ್ಟು ಜನ ಬರ್ತಾರೆ, ಆದ್ರೂ ಅದೇ ಊರಿನ ಹುಡುಗರು ಕೆಲಸ ಹುಡ್ಕೊಂಡು ಗೋವಾಕ್ಕೆ, ಬೆಂಗಳೂರಿಗೆ, ಗಲ್ಫಿಗೆ ಹೋಗೋದು ನಿಂತಿಲ್ಲ. ಜನ ಬಂದ್ರು, ದುಡ್ಡೂ ಬಂತು, ಹಾಗಾದ್ರೆ ಆ ದುಡ್ಡು ಹೋಯ್ತೆಲ್ಲಿಗೆ? ಈ ಪ್ರಶ್ನೆ ಬಿಡಿಸಿ ನೋಡಿದ್ರೆ ಜವಾಬ್ದಾರಿ ಪ್ರವಾಸ ಅಂತ ಹೇಳೋದು ಎಂತ ಅಂತ ಮುಕ್ಕಾಲು ಪಾಲು ಅರ್ಥ ಆಗ್ತದೆ.

ಎಷ್ಟೋ ಜನ ಜವಾಬ್ದಾರಿ ಪ್ರವಾಸ ಅಂದ್ರೆ ಬೀಚಲ್ಲಿ ಕಸ ಬಿಸಾಡದೇ ಇರೋದು ಅಷ್ಟೇ ಅಂದ್ಕೊಂಡಿದ್ದಾರೆ. ಅದು ಬೇಕು, ಅದು ತೀರಾ ಕನಿಷ್ಠ. 2002ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಈ ಬಗ್ಗೆ ಒಂದು ಘೋಷಣೆ ಮಾಡಿದ್ರು, ಅದರ ಸಾರ ಏನಂದ್ರೆ ಮೊದಲು ಊರು ಅಲ್ಲಿರೋ ಜನಕ್ಕೆ ಬದುಕೋಕೆ ಚೆನ್ನಾಗಿರ್ಬೇಕು, ಆಮೇಲೆ ನೋಡೋಕೆ ಬರೋರಿಗೆ ಚೆನ್ನಾಗಿರ್ಬೇಕು. ಯಾರು ಮೊದಲು, ಯಾರು ಆಮೇಲೆ ಅನ್ನೋದೇ ಇಲ್ಲಿ ದೊಡ್ಡ ವಿಷಯ. ನಮ್ಮಲ್ಲಿ ಇದು ಉಲ್ಟಾ ಆಗಿದೆ ಅನ್ನೋದು ನನ್ನ ಅಭಿಪ್ರಾಯ, ಎಂತಕ್ಕೆ ಅಂತ ಕೆಳಗೆ ಹೇಳ್ತೇನೆ.

ಮೊದಲು ಒಂದು ಲೆಕ್ಕ. ಇದು ಸರ್ವೆ ಮಾಡಿ ತೆಗೆದದ್ದಲ್ಲ, ಅರ್ಥ ಆಗ್ಲಿ ಅಂತ ನಾನೇ ಹಾಕಿದ ಅಂದಾಜು. ಬೆಂಗಳೂರಿಂದ ಇಬ್ಬರು ಎರಡು ದಿನಕ್ಕೆ ಗೋಕರ್ಣಕ್ಕೆ ಬಂದ್ರು, ಒಟ್ಟು 10,000 ರೂಪಾಯಿ ಖರ್ಚು ಮಾಡಿದ್ರು ಅಂತ ಇಟ್ಕೊಳ್ಳಿ. ಸ್ಲೀಪರ್ ಬಸ್ಸಿಗೆ 3,000, ಅದು ಬೆಂಗಳೂರಲ್ಲೇ ಉಳೀತು. ಆ್ಯಪಲ್ಲಿ ಬುಕ್ ಮಾಡಿದ ರೂಮಿಗೆ 4,000, ಇದರಲ್ಲಿ ಆ್ಯಪ್‌ನವರು ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರವರೆಗೆ ಕಮಿಷನ್ ತಗೊಳ್ತಾರೆ, 20 ಅಂತ ಹಿಡಿದ್ರೆ 800 ಅಲ್ಲೇ ಕಟ್ ಆಯ್ತು. ಉಳಿದ 3,200 ರೆಸಾರ್ಟ್ ನಡೆಸೋರಿಗೆ, ಅವರು ಹೊರಗಿನವರಾಗಿದ್ರೆ ಊರಿಗೆ ಸಿಗೋದು ರೂಮು ಗುಡಿಸೋ ಹೆಂಗಸಿನ ಸಂಬಳ ಮತ್ತೆ ಜಾಗದ ಬಾಡಿಗೆಯ ಒಂದು ಚೂರು. ಊಟ ತಿಂಡಿಗೆ 2,000 ಆಯ್ತು, ಪಾಸ್ತಾ, ಪನೀರು, ಫ್ರೆಂಚ್ ಫ್ರೈಸು, ಇದಕ್ಕೆ ಬೇಕಾದ ಸಾಮಾನೆಲ್ಲ ಹುಬ್ಬಳ್ಳಿ ಕಡೆಯಿಂದಲೋ ಗೋವಾ ಕಡೆಯಿಂದಲೋ ಲೋಡಲ್ಲಿ ಬಂದದ್ದು. ಬಾಡಿಗೆ ಸ್ಕೂಟರಿಗೆ ಅದಕ್ಕೆ ಇದಕ್ಕೆ 1,000, ಇದು ಮಾತ್ರ ಊರವರ ಕೈಗೇ ಬಂತು ಅಂತ ಇಟ್ಕೊಳ್ಳುವ. ಎಲ್ಲ ಕೂಡಿಸಿದ್ರೆ ಗೋಕರ್ಣದಲ್ಲಿ ಉಳಿದದ್ದು ಎರಡು ಸಾವಿರ ದಾಟೋದು ಕಷ್ಟ.

ಅದೇ ಇಬ್ಬರು ಅದೇ 10,000ವನ್ನ ಬೇರೆ ತರ ಖರ್ಚು ಮಾಡಿದ್ರು ಅಂತ ನೋಡಿ. ರೈಲಿಗೆ 1,500. ಊರಲ್ಲೇ ವಾಸ ಇರೋ ಒಂದು ಮನೆಯವರ ರೂಮಿಗೆ ನೇರ ಫೋನ್ ಮಾಡಿ 3,500. ಮನೆ ಊಟ, ಪೇಟೆಯ ಖಾನಾವಳಿ ಊಟ ಸೇರಿ 2,500. ಆಟೋ ಮತ್ತೆ ದೋಣಿಗೆ 1,500, ಹೋಗೋವಾಗ ಈರುಳ್ಳಿ, ಉಪ್ಪಿನಕಾಯಿ, ಮುರುಗಲು ಶರಬತ್ತು ಅಂತ 1,000. ಇದ್ರಲ್ಲೂ ಗ್ಯಾಸು, ಎಣ್ಣೆ, ಡೀಸೆಲ್ಲು ಹೊರಗಿಂದ ಬರೋದೇ, ಅದನ್ನೆಲ್ಲ ಕಳೆದ್ರೂ ಐದಾರು ಸಾವಿರ ಊರಲ್ಲಿ ನಿಲ್ತದೆ. ಖರ್ಚು ಒಂದೇ, ಪ್ರವಾಸಿಗರಿಗೆ ಸಿಕ್ಕ ಸಮುದ್ರವೂ ಒಂದೇ, ಊರಿಗೆ ಸಿಕ್ಕದ್ದು ಮಾತ್ರ ಮೂರು ಪಟ್ಟು.

ಹೀಗೆ ಬಂದ ದುಡ್ಡು ಬಂದ ದಾರೀಲೇ ಹೊರಗೆ ಹೋಗೋದಕ್ಕೆ ಎಕನಾಮಿಕ್ಸ್‌ನವರು ಲೀಕೇಜ್ ಅಂತಾರೆ, ತೂತು ಬಿದ್ದ ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಜಾಸ್ತಿ ಜನ ಬರ್ಲಿ ಅಂತ ರೋಡು ಅಗಲ ಮಾಡೋದು, ಇನ್ನಷ್ಟು ರೆಸಾರ್ಟಿಗೆ ಪರ್ಮಿಷನ್ ಕೊಡೋದು, ಇದೆಲ್ಲ ನೀರು ಜಾಸ್ತಿ ಹೊಯ್ಯೋ ಕೆಲಸ ಅಷ್ಟೇ, ತೂತು ಹಾಗೇ ಇರ್ತದೆ. ಊರಲ್ಲಿ ಉಳಿದ ದುಡ್ಡಿಗೆ ಇನ್ನೊಂದು ಗುಣ ಇದೆ, ಅದು ಒಂದೇ ಸಲ ಕೆಲಸ ಮಾಡಿ ಸುಮ್ನೆ ಕೂರೋದಿಲ್ಲ. ಮೀನು ಮಾರೋ ಅಕ್ಕನಿಗೆ ಕೊಟ್ಟ 300 ರೂಪಾಯಲ್ಲಿ ಸ್ವಲ್ಪ ದೋಣಿಯವರಿಗೆ, ಸ್ವಲ್ಪ ಐಸ್ ಫ್ಯಾಕ್ಟರಿಗೆ, ಸ್ವಲ್ಪ ಟೆಂಪೋದವನಿಗೆ ಹೋಗ್ತದೆ, ಉಳಿದದ್ದರಲ್ಲಿ ಆಕೆ ಊರ ಅಂಗಡೀಲಿ ಅಕ್ಕಿ ತಗೊಳ್ತಾಳೆ, ಆ ಅಂಗಡಿಯವನು ಊರ ಟೈಲರ್ ಹತ್ರ ಮಕ್ಕಳ ಯೂನಿಫಾರಂ ಹೊಲಿಸ್ತಾನೆ. ಒಂದೇ 300 ರೂಪಾಯಿ ಊರೊಳಗೆ ನಾಲ್ಕು ಕೈ ತಿರುಗ್ತದೆ.

ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಬೇಸಿಗೇಲಿ ಕುಮಟಾ ಹತ್ರ ಹೈವೇಲಿ ಹೋಗಿ. ಅಳ್ವೆಕೋಡಿ, ಹಂದಿಗೋಣ ಬದಿಗೆ ರಸ್ತೆ ಪಕ್ಕ ಚಪ್ಪರ ಹಾಕಿ ಸಿಹಿ ಈರುಳ್ಳಿ ತೂಗ್ಹಾಕಿರ್ತಾರೆ, ಒಣಗಿದ ಎಲೆಯನ್ನೇ ಜಡೆ ಹಾಗೆ ಹೆಣೆದು ಗೊಂಚಲು ಗೊಂಚಲು ಮಾಡಿರ್ತಾರೆ. ಆ ಈರುಳ್ಳಿ ಖಾರ ಇರೋದಿಲ್ಲ, ಹಸೀದೇ ತಿನ್ನಬಹುದು. ಬೆಳೆದವರು, ಹೆಣೆದವರು, ಮಾರೋರು ಹೆಚ್ಚಾಗಿ ಒಂದೇ ಮನೆಯವರು, ಗದ್ದೆ ಅಲ್ಲೇ ರಸ್ತೆ ಹಿಂದೆ ಇರ್ತದೆ. ದಲಾಲಿ ಇಲ್ಲ, ಪ್ಯಾಕಿಂಗ್ ಇಲ್ಲ. ಕಾರು ನಿಲ್ಸಿ ಒಂದು ಗೊಂಚಲು ತಗೊಂಡ್ರೆ ಕೊಟ್ಟ ದುಡ್ಡೆಲ್ಲ ಆ ಗದ್ದೆಯವರಿಗೇ. ಆದ್ರೆ ಅದಕ್ಕೂ ಚೌಕಾಸಿ ಮಾಡ್ತಾರೆ ಜನ, ಎರಡು ಕಾಫಿಗೆ ಆರುನೂರು ಕೊಟ್ಟು ಬಂದವರು ಇಲ್ಲಿ ಇಪ್ಪತ್ತು ರೂಪಾಯಿಗೆ ಹತ್ತು ನಿಮಿಷ ವಾದ ಮಾಡ್ತಾರೆ, ಅದು ನನಗೆ ಬಹಳ ಬೇಜಾರಿನ ವಿಷಯ. ಬಿಸಿಲಲ್ಲಿ ಕೂತವರು ಹೇಳಿದ ರೇಟು ಕೊಟ್ಟುಬಿಡಿ.

ಗೋಕರ್ಣ ಪೇಟೇಲೂ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟೀಲಿ ತರಕಾರಿ, ಸೊಪ್ಪು, ಹೂವು ತಂದು ಕೂತಿರ್ತಾರೆ, ಸುತ್ತಮುತ್ತಲಿನ ಗದ್ದೆಯಲ್ಲೇ ಬೆಳೆದದ್ದು. ರೂಮಲ್ಲಿ ಅಡುಗೆ ಮಾಡ್ಕೊಳ್ಳೋ ವ್ಯವಸ್ಥೆ ಇದ್ರೆ ಅವರ ಹತ್ರ ತಗೊಳ್ಳಿ. ಇಲ್ಲದಿದ್ರೆ ಹೊಟೇಲಲ್ಲಿ ಒಂದು ಮಾತು ಕೇಳಿ, ತರಕಾರಿ ಎಲ್ಲಿಂದ ತರ್ತೀರಿ ಅಂತ. ಈ ಪ್ರಶ್ನೆಗೆ ಬಹಳ ಶಕ್ತಿ ಇದೆ, ದಿನಾ ನಾಲ್ಕು ಗಿರಾಕಿ ಕೇಳಿದ್ರೆ ಹೊಟೇಲಿನವನು ಯೋಚನೆ ಮಾಡೋಕೆ ಶುರು ಮಾಡ್ತಾನೆ.

ಕೇರಳದವರು ಇದನ್ನ ಬರೀ ಗಿರಾಕಿಯ ಮನಸ್ಸಿಗೆ ಬಿಡ್ಲಿಲ್ಲ. ಕುಮರಕೋಮ್‌ನಲ್ಲಿ 2008ರ ಹೊತ್ತಿಗೆ ಕುಟುಂಬಶ್ರೀ ಮಹಿಳಾ ಗುಂಪುಗಳು ತರಕಾರಿ ಬೆಳೆಯೋದು, ಊರಿನ ದೊಡ್ಡ ಹೊಟೇಲುಗಳು ಅದನ್ನ ಖರೀದಿ ಮಾಡೋದು ಅಂತ ಪಂಚಾಯ್ತಿ, ಟೂರಿಸಂ ಇಲಾಖೆ, ಹೊಟೇಲಿನವರು ಕೂತು ವ್ಯವಸ್ಥೆ ಮಾಡಿದ್ರು. ರೇಟು ಮೊದಲೇ ಮಾತಾಡಿದ್ದು, ಹಾಗಾಗಿ ಬೆಳೆಯೋರಿಗೆ ಧೈರ್ಯ. ಆಮೇಲೆ 2017ರಲ್ಲಿ ಇಡೀ ರಾಜ್ಯಕ್ಕೇ ಒಂದು ಮಿಷನ್ ಮಾಡಿದ್ರು. ನಮ್ಮಲ್ಲೂ ಸ್ತ್ರೀಶಕ್ತಿ ಗುಂಪು, ಧರ್ಮಸ್ಥಳ ಸಂಘ, ಸೊಸೈಟಿ ಎಂತಕ್ಕೂ ಕಮ್ಮಿ ಇಲ್ಲ. ಹೊಟೇಲಿನ ಅಡುಗೆಮನೆಗೂ ಗದ್ದೆಗೂ ಮಧ್ಯ ಒಂದು ದಾರಿ ಹಾಕೋರು ಬೇಕು ಅಷ್ಟೇ.

ಮೀನಿನ ಕತೆ ಸ್ವಲ್ಪ ಬೇರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಮೀನು ಮೊಟ್ಟೆ ಇಡೋ ಕಾಲ ಅದು. ನಾಡದೋಣಿಯವರು ಮಾತ್ರ ದಡದ ಹತ್ರ, ಹೊಳೇಲಿ ಹಿಡೀತಾರೆ. ಆ ಹೊತ್ತಲ್ಲಿ ಕಾರವಾರಕ್ಕೆ ಬಂದು ದೊಡ್ಡ ಇಸ್ವಾಣದ ಪೀಸೇ ಬೇಕು ಅಂತ ಕೂತ್ರೆ, ತಟ್ಟೆಗೆ ಬರೋದು ಕೋಲ್ಡ್ ಸ್ಟೋರೇಜಿನದ್ದೋ ಇಲ್ಲ ಪೂರ್ವ ಕರಾವಳಿಯಿಂದ ಲಾರೀಲಿ ಬಂದದ್ದೋ ಆಗಿರ್ತದೆ. ಅಲ್ಲಿಯ ನಿಷೇಧ ಏಪ್ರಿಲ್ 15ಕ್ಕೆ ಶುರು ಆಗಿ ಜೂನ್ 14ಕ್ಕೆ ಮುಗೀತದೆ, ಹಾಗಾಗಿ ಜೂನ್ ಮಧ್ಯದಿಂದ ನಮ್ಮಲ್ಲಿ ಬಂದ್ ಇದ್ರೂ ಅಲ್ಲಿಂದ ಮೀನು ಸಿಕ್ತದೆ. ಮಳೆಗಾಲದಲ್ಲಿ ಬಂದ್ರೆ ಹೊಳೆ ಮೀನು ಕೇಳಿ, ಒಣಮೀನಿನ ಚಟ್ನಿ ಕೇಳಿ. ಒಣಮೀನು ಮಾಡಿ ಇಟ್ಕೊಂಡವರು ಮಾರುಕಟ್ಟೆಯ ಹೆಂಗಸರು, ಆ ಎರಡು ತಿಂಗಳು ಅವರಲ್ಲಿ ಎಷ್ಟೋ ಜನರ ಮನೆ ನಡೆಯೋದೇ ಅದರಿಂದ. ಬೇರೆ ಕಾಲದಲ್ಲೂ ಇಸ್ವಾಣ, ಪಾಂಪ್ಲೆಟ್ ಇವೆರಡನ್ನೇ ಕೇಳೋ ಬದಲು ಬಂಗಡೆ, ತಾರ್ಲೆ, ನೊಗ್ಲಿ ತಿನ್ನಿ, ರುಚಿಗೆ ಎಂತ ಕಮ್ಮಿ ಇಲ್ಲ, ಸಣ್ಣ ದೋಣಿಯವರ ಬಲೆಗೆ ಜಾಸ್ತಿ ಬೀಳೋದೂ ಇಂಥ ಮೀನೇ.

ಇನ್ನು ಹೋಮ್‌ಸ್ಟೇ ವಿಷಯ. ಇಲ್ಲಿ ಬೋರ್ಡು ನೋಡಿ ಮೋಸ ಹೋಗೋದು ಜಾಸ್ತಿ. ನಿಯಮದ ಪ್ರಕಾರ ಹೋಮ್‌ಸ್ಟೇ ಅಂದ್ರೆ ಮನೆಯವರು ಅಲ್ಲೇ ವಾಸ ಇದ್ದು ಕೆಲವು ರೂಮನ್ನ ಪ್ರವಾಸಿಗರಿಗೆ ಕೊಡೋದು. ಆದ್ರೆ ಈಗ ಬೀಚಿನ ಹತ್ರ, ದಾಂಡೇಲಿ ಕಾಡಿನ ಹತ್ರ ನಡೆಯೋದು ಬೇರೆ, ಜಾಗದವರು ವರ್ಷಕ್ಕೆ ಇಂತಿಷ್ಟು ಅಂತ ಲೀಸಿಗೆ ಕೊಡ್ತಾರೆ, ಲೀಸು ತಗೊಂಡವರು ಹತ್ತಿಪ್ಪತ್ತು ಕಾಟೇಜು ಎಬ್ಬಿಸಿ ಹೋಮ್‌ಸ್ಟೇ ಅಂತ ಬೋರ್ಡು ಹಾಕ್ತಾರೆ. ಜಾಗದವರಿಗೆ ಕೈಯಲ್ಲಿ ಒಟ್ಟು ದುಡ್ಡು ಬರ್ತದೆ, ಮನೆ ಸಾಲ ತೀರ್ತದೆ, ಮಗಳ ಮದುವೆ ಆಗ್ತದೆ, ಹಾಗಾಗಿ ಕೊಟ್ಟವರನ್ನ ದೂರೋಕೆ ನನಗೆ ಮನಸ್ಸಿಲ್ಲ. ಅಲ್ಲಿ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದ ಹುಡುಗರೂ ಹೊಟ್ಟೆಪಾಡಿಗೆ ಬಂದವರೇ. ಆದ್ರೆ ಧಂದೆ ಎಷ್ಟೇ ಬೆಳೆದ್ರೂ ಲೀಸಿನ ಬಾಡಿಗೆ ಅಷ್ಟೇ ಇರ್ತದೆ, ಜಾಗದವರ ಮಗ ಅದೇ ಜಾಗದಲ್ಲಿ ವಾಚ್‌ಮನ್ ಆಗಿ ನಿಲ್ತಾನೆ. ಮುಂದಿನ ತಲೆಮಾರಿಗೆ ಧಂದೆ ಕಲಿಯೋ ಅವಕಾಶವೇ ಇಲ್ಲ, ನನ್ನ ಪ್ರಕಾರ ದುಡ್ಡಿನ ನಷ್ಟಕ್ಕಿಂತ ಇದು ದೊಡ್ಡ ನಷ್ಟ.

ಗೊತ್ತಾಗೋದು ಹೇಗೆ ಅಂದ್ರೆ ಬುಕ್ ಮಾಡೋ ಮುಂಚೆ ಒಂದು ಫೋನ್ ಮಾಡಿ. ಮನೆಯವರು ಅಲ್ಲೇ ಇರ್ತೀರಾ, ಅಡುಗೆ ಯಾರು ಮಾಡ್ತಾರೆ, ಟೂರಿಸಂ ಇಲಾಖೆಯಲ್ಲಿ ರಿಜಿಸ್ಟರ್ ಆಗಿದೆಯಾ, ಬೇಸಿಗೇಲಿ ನೀರು ಎಲ್ಲಿಂದ, ಕಸ ಎಂತ ಮಾಡ್ತೀರಿ. ಇದಕ್ಕೆ ಉತ್ತರ ಕೊಡೋ ಧ್ವನೀಲೇ ಅರ್ಧ ಗೊತ್ತಾಗ್ತದೆ. ಮನೆಯವರಾದ್ರೆ "ನಮ್ಮನೆಯವಳೇ ಮಾಡೂದು, ಮೀನು ತಿಂತ್ರಿ ಅಲ್ಲ ನೀವು?" ಅಂತ ತಿರುಗಿ ಕೇಳ್ತಾರೆ. ಮ್ಯಾನೇಜರ್ ಆದ್ರೆ ಪ್ಯಾಕೇಜ್ ರೇಟು ಹೇಳ್ತಾನೆ.

ನೀರು, ಕಸ ಅಂತ ಎಂತಕ್ಕೆ ಕೇಳ್ಬೇಕು ಅಂದ್ರೆ, ಟೂರಿಸಂನ ಲಾಭ ಹೊರಗೆ ಸೋರಿ ಹೋದ್ರೂ ಅದರ ಖರ್ಚು ಮಾತ್ರ ಪೂರ್ತಿ ಊರಲ್ಲೇ ಉಳೀತದೆ. ಈ ಖರ್ಚು ಯಾವ ಬಿಲ್ಲಲ್ಲೂ ಬರೋದಿಲ್ಲ.

ಕರಾವಳಿಯ ಬಾವಿ ಹೇಗೆ ಕೆಲಸ ಮಾಡ್ತದೆ ಅಂತ ಸ್ವಲ್ಪ ಹೇಳ್ತೇನೆ, ಇದು ಘಟ್ಟದ ಮೇಲಿನವರಿಗೆ, ಬೆಂಗಳೂರಿನವರಿಗೆ ಗೊತ್ತಿರೋದಿಲ್ಲ. ಸಮುದ್ರದ ಹತ್ರ ನೆಲದೊಳಗೆ ಕೆಳಗೆ ಉಪ್ಪುನೀರು ಇರ್ತದೆ, ಮಳೆಯಿಂದ ಇಂಗಿದ ಸಿಹಿನೀರು ಹಗುರ, ಅದು ಉಪ್ಪುನೀರಿನ ಮೇಲೆ ತೇಲ್ತಾ ಇರ್ತದೆ. ನಮ್ಮ ತೆರೆದ ಬಾವಿಗೆ ಸಿಗೋದು ಮೇಲಿನ ಆ ಸಿಹಿನೀರು. ಮೋಟರ್ ಹಾಕಿ ಜೋರಾಗಿ ಎಳೆದು ಸಿಹಿನೀರಿನ ಮಟ್ಟ ಒಂದು ಅಡಿ ಇಳಿದ್ರೆ ಕೆಳಗಿನ ಉಪ್ಪುನೀರು ಒಂದಡಿ ಅಲ್ಲ, ಥಿಯರಿ ಪ್ರಕಾರ ಸುಮಾರು 40 ಅಡಿ ಮೇಲೆ ಏರ್ತದೆ, ಎರಡೂ ನೀರಿನ ತೂಕದ ವ್ಯತ್ಯಾಸ ಅಷ್ಟು ಸಣ್ಣದು. ಹಾಗಾಗಿ ಒಂದು ರೆಸಾರ್ಟು ಬೋರ್ ಹೊಡೆದು ಸ್ವಿಮ್ಮಿಂಗ್ ಪೂಲ್ ತುಂಬಿಸಿದ್ರೆ ಹಾಳಾಗೋದು ಅವರ ಬೋರ್ ಒಂದೇ ಅಲ್ಲ, ಪಕ್ಕದ ಮನೆಗಳ ಬಾವಿ ಏಪ್ರಿಲ್ ಹೊತ್ತಿಗೆ ಉಪ್ಪಾಗ್ತದೆ. ರೆಸಾರ್ಟಿನವರು ಟ್ಯಾಂಕರ್ ತರಿಸ್ತಾರೆ. ಪಕ್ಕದ ಮನೆಯವರು ಕೊಡ ಹಿಡ್ಕೊಂಡು ಪಂಚಾಯ್ತಿ ನಳ್ಳಿ ಮುಂದೆ ಕ್ಯೂ ನಿಲ್ತಾರೆ. ಸಮುದ್ರ ಎದುರಿಗೇ ಇರೋವಾಗ ಪೂಲ್ ಇರೋ ರೂಮು ಯಾಕೆ ಬೇಕು ಅಂತ ನೀವೇ ಒಮ್ಮೆ ಯೋಚನೆ ಮಾಡಿ.

ಕಸದ್ದೂ ಇದೇ ಕತೆ. ಗೋಕರ್ಣ ಅಂದ್ರೆ ಹೆಸರು ದೇಶಕ್ಕೆಲ್ಲ ಗೊತ್ತು, ಆದ್ರೆ ಆಡಳಿತ ಒಂದು ಗ್ರಾಮ ಪಂಚಾಯ್ತಿ. ಪಂಚಾಯ್ತಿಗೆ ಮೇಲಿಂದ ಬರೋ ಅನುದಾನ ಹೆಚ್ಚಾಗಿ ಅಲ್ಲಿ ವಾಸ ಇರೋ ಜನಸಂಖ್ಯೆ ನೋಡಿ ಬರೋದು, ಶಿವರಾತ್ರಿಗೋ ನ್ಯೂ ಇಯರಿಗೋ ಎಷ್ಟು ಜನ ಬಂದ್ರು ಅನ್ನೋದು ಆ ಲೆಕ್ಕದಲ್ಲಿ ಇಲ್ಲ. ಊರಿನ ಕಸಕ್ಕೆ ಅಂತ ಇರೋ ಗಾಡಿ, ಊರಿನ ಕಸಕ್ಕೆ ಅಂತ ಇರೋ ಜನ, ಅವರೇ ಎಲ್ಲರ ಬಾಟ್ಲಿ ಎತ್ತಬೇಕು. ನಿಮ್ಮ ಬಾಟ್ಲಿ, ಚಿಪ್ಸ್ ಪ್ಯಾಕೆಟ್ಟು ಡಸ್ಟ್‌ಬಿನ್ನಿಗೆ ಹಾಕಿದ್ರೆ ಕೆಲಸ ಮುಗೀಲಿಲ್ಲ, ಆ ಡಸ್ಟ್‌ಬಿನ್ ಖಾಲಿ ಮಾಡೋದು ಯಾರು ಅನ್ನೋದೇ ಪ್ರಶ್ನೆ. ಕಾರಲ್ಲಿ ಬಂದವರು ವಾಪಸ್ ತಗೊಂಡು ಹೋಗಿ, ಬೆಂಗಳೂರಲ್ಲಿ ಕಸ ವಿಂಗಡಿಸೋ ವ್ಯವಸ್ಥೆ ಇಲ್ಲಿಗಿಂತ ದೊಡ್ಡದಿದೆ. ಯಾಣ, ಸಹಸ್ರಲಿಂಗ, ವಿಭೂತಿ ಫಾಲ್ಸ್ ಇಲ್ಲಿಗೆಲ್ಲ ಇದು ಇನ್ನೂ ಹೆಚ್ಚು ಅನ್ವಯ ಆಗ್ತದೆ, ಕಾಡೊಳಗೆ ಕಸದ ಗಾಡಿ ಬರೋದಿಲ್ಲ, ಹೊಳೇಲಿ ಬಿದ್ದ ಬಾಟ್ಲಿ ನೇರ ಕೆಳಗಿನ ಊರಿಗೆ, ಅಲ್ಲಿಂದ ಸಮುದ್ರಕ್ಕೆ.

ಜೀವದ ಖರ್ಚೂ ಇದೆ. 2024ರ ಡಿಸೆಂಬರಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರ್ಕೊಂಡ್ರು. ನಮ್ಮ ಕರಾವಳೀಲಿ ಯಾರಾದ್ರೂ ನೀರಲ್ಲಿ ಸಿಕ್ಕಾಗ ಹಾರೋದು ಲೈಫ್‌ಗಾರ್ಡ್‌ಗಳು ಮತ್ತೆ ಮೀನುಗಾರ ಹುಡುಗರು, ತಮ್ಮ ಜೀವ ಪಣಕ್ಕಿಟ್ಟು. ಅವರು ನೀರಿಗೆ ಇಳೀಬೇಡಿ ಅಂದಾಗ ವಾದ ಮಾಡಬೇಡಿ, ಆ ಸಮುದ್ರದಲ್ಲೇ ಹುಟ್ಟಿ ಬೆಳೆದವರ ಮಾತದು.

ಈಗ ಅಘನಾಶಿನಿಗೆ ಬರ್ತೇನೆ, ಇದು ನನಗೆ ತುಂಬಾ ಹತ್ತಿರದ ವಿಷಯ. ಶಿರಸಿ ಹತ್ರ ಹುಟ್ಟಿ ತದಡಿಯಲ್ಲಿ ಸಮುದ್ರ ಸೇರೋ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ, ಪಶ್ಚಿಮ ಘಟ್ಟದಲ್ಲಿ ಹೀಗೆ ಉಳಿದ ಹೊಳೆಗಳು ಕಮ್ಮಿ. ಇದರ ಅಳಿವೆಗೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗಕ್ಕೆ, 2024ರ ಜನವರಿಯಲ್ಲಿ ರಾಮ್ಸಾರ್ ಜೌಗುಭೂಮಿ (ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ಪ್ರದೇಶ) ಅಂತ ಮಾನ್ಯತೆ ಸಿಕ್ತು, 4,801 ಹೆಕ್ಟೇರ್. ಪ್ರವಾಸಿಗರು ಅಘನಾಶಿನಿ ಅನ್ನೋ ಊರಿಗೂ ತದಡಿಗೂ ಮಧ್ಯ ಬಾರ್ಜಲ್ಲಿ ಬೈಕ್ ದಾಟಿಸ್ತಾ ಎರಡೂ ಬದಿ ನೋಡಿ ಬರೀ ಕೆಸರು ಅಂತಾರೆ. ನೀರು ಇಳಿದ ಹೊತ್ತಿಗೆ ಸ್ವಲ್ಪ ನಿಂತು ನೋಡಿ. ತೊಡೆಮಟ್ಟ ನೀರಲ್ಲಿ ಹೆಂಗಸರು, ಗಂಡಸರು ಸಾಲಾಗಿ ಬಗ್ಗಿರ್ತಾರೆ, ಕಾಲಲ್ಲಿ ಕೆಸರು ತಡಕಿ ಗಟ್ಟಿ ಸಿಕ್ಕಿದ ಕೂಡ್ಲೆ ಕೈ ಹಾಕಿ ಎತ್ತೋದು, ಅದೇ ಬಳಚು, ಒಂದು ತರ ಚಿಪ್ಪುಮೀನು. ಸೊಂಟಕ್ಕೆ ಕಟ್ಟಿದ ಚೀಲವೋ, ಪಕ್ಕದಲ್ಲಿ ತೇಲಿಬಿಟ್ಟ ಬುಟ್ಟಿಯೋ ತುಂಬಬೇಕು, ಮತ್ತೆ ನೀರು ಏರೋ ಮುಂಚೆ ಮುಗೀಬೇಕು, ಸಿಗೋದು ಕೆಲವೇ ಗಂಟೆ. ಬಂಡವಾಳ ಅಂದ್ರೆ ಎರಡು ಕೈ, ಎರಡು ಕಾಲು. ದೋಣಿ ಇಲ್ಲದವರಿಗೂ, ಗದ್ದೆ ಇಲ್ಲದವರಿಗೂ ಈ ಹೊಳೆ ದಿನದ ಕೂಲಿ ಕೊಡ್ತದೆ. ಮಾಂಸ ಅಡುಗೆಗೆ ಹೋಗ್ತದೆ, ಚಿಪ್ಪು ಸುಣ್ಣಕ್ಕೆ.

ಅದೇ ಅಳಿವೆಯ ಗಜನಿ ಭೂಮಿಯಲ್ಲಿ, ಅಂದ್ರೆ ಉಬ್ಬರದ ಉಪ್ಪುನೀರು ನುಗ್ಗೋ ತಗ್ಗು ಗದ್ದೇಲಿ, ಕಗ್ಗ ಅಂತ ಒಂದು ಭತ್ತ ಬೆಳೀತಾರೆ, ಮಾಣಿಕಟ್ಟಾ ಬದಿಗೆ ಇನ್ನೂ ಉಳ್ಕೊಂಡಿದೆ. ಉಪ್ಪುನೀರು ನುಗ್ಗಿದ್ರೂ ತಡ್ಕೊಳ್ತದೆ, ಗೊಬ್ಬರ ಕೇಳೋದಿಲ್ಲ, ಭತ್ತ ಕೊಯ್ದ ಮೇಲೆ ಅದೇ ಗದ್ದೇಲಿ ಸಿಗಡಿ, ಮೀನು. ಪಕ್ಕದಲ್ಲೇ ಸಾಣಿಕಟ್ಟೆಯ ಉಪ್ಪಿನ ಆಗರ, ಅದನ್ನ ನಡೆಸೋದು ಉಪ್ಪಿನ ಮಾಲೀಕರ ಸಹಕಾರಿ ಸಂಘ. ಗೋಕರ್ಣದಿಂದ ತೀರಾ ದೂರ ಏನಲ್ಲ ಇದೆಲ್ಲ, ಆದ್ರೆ ಓಂ ಬೀಚ್, ಕುಡ್ಲೆ ಬೀಚ್ ನೋಡಿ ಹೋದವರಲ್ಲಿ ಹೆಚ್ಚಿನವರಿಗೆ ಇದು ಇದೆ ಅಂತಲೂ ಗೊತ್ತಿರೋದಿಲ್ಲ. ಅಳಿವೆಯನ್ನ ನಿಧಾನಕ್ಕೆ ದೋಣೀಲಿ ಸುತ್ತಿ ನೋಡಿ, ದೋಣಿಯವರು ಇಲ್ಲಿಯ ಅಂಬಿಗರೋ ಹರಿಕಂತ್ರರೋ ಆದ್ರೆ ಯಾವ ಜಾಗದಲ್ಲಿ ಯಾವ ಮೀನು, ಯಾವ ಹಕ್ಕಿ ಅಂತ ಅವರೇ ಹೇಳ್ತಾರೆ, ಅಂಥಾ ಗೈಡ್ ಯಾವ ಆ್ಯಪಲ್ಲೂ ಸಿಗೋದಿಲ್ಲ. ಹೊನ್ನಾವರದಲ್ಲಿ ಶರಾವತಿ ಅಳಿವೆಯಲ್ಲೂ ಹೀಗೇ, ಅರಣ್ಯ ಇಲಾಖೆ ಮಾಡಿದ ಕಾಂಡ್ಲಾ ವಾಕ್ ಇದೆ, ಊರವರ ದೋಣಿ ಇದೆ.

ಇದೇ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬರಬೇಕಾಗಿತ್ತು. ಊರವರು, ಪರಿಸರದವರು, ಸ್ವಾಮೀಜಿಗಳು ಸೇರಿ ವಿರೋಧ ಮಾಡಿದ್ದಕ್ಕೆ ಅದು ನಿಂತ್ಹೋಯ್ತು. ಘಟ್ಟದ ಮೇಲೆ ಶಿರಸಿ ತಾಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರಲ್ಲಿ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕಡಿಯೋದನ್ನ ನಿಲ್ಲಿಸಿದ್ರು, ಅದೇ ಅಪ್ಪಿಕೋ ಚಳವಳಿ. ನೀವು ಇವತ್ತು ಫೋಟೋ ತೆಗೆಯೋ ಹಸಿರು ತಾನಾಗೇ ಉಳಿದದ್ದಲ್ಲ ಅಂತ ಹೇಳೋಕೆ ಇಷ್ಟು ಹೇಳಿದೆ. ಹೊನ್ನಾವರ ಹತ್ರದ ಕಾಸರಕೋಡ ಬೀಚಿಗೆ 2020ರಲ್ಲಿ ಬ್ಲೂ ಫ್ಲಾಗ್ ಅನ್ನೋ ಸ್ವಚ್ಛ ಬೀಚಿನ ಅಂತರರಾಷ್ಟ್ರೀಯ ಮಾನ್ಯತೆ ಬಂತು, ಅದೇ ಕಾಸರಕೋಡದ ಟೊಂಕ ಅನ್ನೋ ಜಾಗದ ಮರಳಲ್ಲಿ ಚಳಿಗಾಲದಲ್ಲಿ ಕಡಲಾಮೆ ಬಂದು ಮೊಟ್ಟೆ ಇಡ್ತವೆ, ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ಹೇಳಿ ಬೇಲಿ ಹಾಕಿಸಿ ಕಾಯ್ತಾರೆ. ಮರಿ ಹೊರಗೆ ಬಂದಾಗ ಬೆಳಕು ಕಂಡ ಕಡೆ ಹೋಗ್ತವೆ, ಸಮುದ್ರದ ಹೊಳಪು ಅಂತ ತಿಳ್ಕೊಂಡು. ಹಾಗಾಗಿ ರಾತ್ರಿ ಬೀಚಲ್ಲಿ ಕ್ಯಾಂಪ್‌ಫೈರ್, ಫೋಕಸ್ ಲೈಟ್, ಮರಳ ಮೇಲೆ ಜೀಪ್ ಓಡ್ಸೋದು ಇದೆಲ್ಲ ಮಾಡಿಸೋ ರೆಸಾರ್ಟ್ ಇದ್ರೆ ಅಲ್ಲಿ ಉಳೀಬೇಡಿ.

ಜನರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಹಾಲಕ್ಕಿಗಳು, ಸಿದ್ದಿಗಳು, ಕುಣಬಿಗಳು, ಗೌಳಿಗಳು ಇವರೆಲ್ಲ ಈ ಜಿಲ್ಲೆಯ ಜನ, ಇವರನ್ನ ನೋಡೋಕೆ ಅಂತ ಕ್ಯಾಮೆರಾ ಹಿಡ್ಕೊಂಡು ಕೇರಿಗೆ ನುಗ್ಗೋರು ಜಾಸ್ತಿ ಆಗಿದ್ದಾರೆ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, ನೂರಾರು ಹಾಡು ಅವರ ಬಾಯಲ್ಲೇ ಇತ್ತು, 2025ರಲ್ಲಿ ತೀರ್ಕೊಂಡ್ರು. ಗಿಡ ಬೆಳೆಸಿದ ತುಳಸಿ ಗೌಡ ಅವರೂ ಅದಕ್ಕಿಂತ ಸ್ವಲ್ಪ ಮುಂಚೆ, 2024ರ ಡಿಸೆಂಬರಲ್ಲಿ ಹೋದ್ರು. ಅಂಥವರ ಊರಿನ ಹೆಂಗಸರನ್ನ ರಸ್ತೇಲಿ ನಿಲ್ಲಿಸಿ ಮಣಿಸರದ ಫೋಟೋ ತೆಗೆದು, ಹೆಸರೂ ಕೇಳದೆ ಹೋಗೋದು ಸರಿ ಅಲ್ಲ. ಫೋಟೋ ಬೇಕಾದ್ರೆ ಕೇಳಿ, ಬೇಡ ಅಂದ್ರೆ ಬಿಡಿ. ಸುಗ್ಗಿ ಕುಣಿತ ಇರೋದು ಹೋಳಿ ಹೊತ್ತಿಗೆ, ಅವರ ಹಬ್ಬಕ್ಕೆ, ಅದನ್ನ ಡಿಸೆಂಬರಲ್ಲಿ ರೆಸಾರ್ಟಿನ ಡಿನ್ನರ್ ಮುಂದೆ ಕುಣಿಸಿ ಅಂತ ಕೇಳೋದು ಬೇಡ. ಯಲ್ಲಾಪುರ, ಹಳಿಯಾಳ ಬದಿಯ ಸಿದ್ದಿ ಹೆಂಗಸರು ಹಳೇ ಸೀರೆ ತುಂಡು ಸೇರಿಸಿ ಕೈಯಲ್ಲೇ ಕೌದಿ ಹೊಲೀತಾರೆ, ಒಂದು ಕೌದಿಗೆ ವಾರಗಟ್ಟಲೆ ಕೆಲಸ, ಅದಕ್ಕೆ ಸರಿಯಾದ ರೇಟು ಕೊಟ್ಟು ತಗೊಂಡ್ರೆ ಅದೇ ದೊಡ್ಡ ಮರ್ಯಾದೆ. ಯಕ್ಷಗಾನ ನೋಡ್ಬೇಕಾದ್ರೆ ಟಿಕೆಟ್ ಇರೋ ಆಟಕ್ಕೆ ಟಿಕೆಟ್ ತಗೊಂಡು ಕೂತ್ಕೊಳ್ಳಿ, ಗುಣವಂತೆಯ ಕೆರೆಮನೆ ಮೇಳ 1934ರಿಂದ ನಡ್ಕೊಂಡು ಬಂದಿದೆ.

ಶಿರಸಿ, ಸಿದ್ದಾಪುರ ಕಡೆ ದುಡ್ಡು ಸೋರೋದು ಕರಾವಳಿಗಿಂತ ಕಮ್ಮಿ ಅಂತ ನನ್ನ ಲೆಕ್ಕ. ಎಂತಕ್ಕೆ ಅಂದ್ರೆ ಅಲ್ಲಿ ತೋಟದ ಮನೆಯವರೇ ಹೋಮ್‌ಸ್ಟೇ ನಡೆಸೋದು ಜಾಸ್ತಿ, ಮತ್ತೆ ಸಹಕಾರಿ ಸಂಘಗಳು ಗಟ್ಟಿ ಇವೆ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು, ಕೆಳಗೆ ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ. ಶಿರಸಿ ಪೇಟೆಯ ಸೊಸೈಟಿ ಅಂಗಡೀಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೇನು, ಕಾಳುಮೆಣಸು, ಜೋನಿಬೆಲ್ಲ ಎಲ್ಲ ಸಿಕ್ತದೆ, ಅಲ್ಲಿ ತಗೊಂಡ್ರೆ ಬೆಳೆದವರಿಗೆ ನ್ಯಾಯವಾದ ಪಾಲು ಹೋಗ್ತದೆ. ಜನವರಿಯಿಂದ ಮಾರ್ಚ್ ಒಳಗೆ ಹೋದ್ರೆ ಆಲೆಮನೆ ಕಾಲ. ಅಲ್ಲಿ ತೊಡೆದೇವು ಮಾಡೋದನ್ನ ಹತ್ತಿರ ಕೂತು ನೋಡಿ. ಒಲೆ ಮೇಲೆ ಗಡಿಗೆ ಬೋರಲು ಹಾಕಿ, ಎಣ್ಣೆ ಸವರಿ, ಅಕ್ಕಿ ಹಿಟ್ಟು ಕಬ್ಬಿನ ಹಾಲಲ್ಲಿ ತೆಳ್ಳಗೆ ಕಲಸಿ, ಕೋಲಿಗೆ ಸುತ್ತಿದ ಬಟ್ಟೆಯನ್ನ ಅದರಲ್ಲಿ ಅದ್ದಿ ಗಡಿಗೆ ಮೇಲೆ ಒಂದೇ ಎಳೆತ ಎಳೀತಾರೆ. ಕಾಗದಕ್ಕಿಂತ ತೆಳು ಪದರ ಏಳ್ತದೆ, ಬಿಸಿ ಇರೋವಾಗಲೇ ಮಡಚಬೇಕು, ಅರೆಕ್ಷಣ ತಡ ಆದ್ರೆ ಮುರೀತದೆ. ಪ್ಯಾಕೆಟ್ಟಿನ ಬೆಲೆ ಜಾಸ್ತಿ ಅನ್ನೋರು ಇದನ್ನೊಮ್ಮೆ ನೋಡಬೇಕು. ಫಾಲ್ಸುಗಳಿಗೆ ಹೋದಾಗ ಹಲವು ಕಡೆ ಗ್ರಾಮ ಅರಣ್ಯ ಸಮಿತಿಯವರು ಪಾರ್ಕಿಂಗಿಗೆ, ಎಂಟ್ರಿಗೆ ಅಂತ ಸ್ವಲ್ಪ ದುಡ್ಡು ತಗೊಳ್ತಾರೆ, ರಸೀದಿ ಕೇಳಿ ತಗೊಂಡು ಖುಷಿಯಲ್ಲಿ ಕೊಡಿ, ದಾರಿ ಸ್ವಚ್ಛ ಇಡೋದು ಆ ದುಡ್ಡಲ್ಲೇ.

ದಾಂಡೇಲಿ ಬಗ್ಗೆ ಜಾಸ್ತಿ ಬರೆಯೋಕೆ ಹೋಗೋದಿಲ್ಲ. ರಾಫ್ಟಿಂಗ್ ಸೂಪಾ ಡ್ಯಾಮಿನ ನೀರು ಬಿಡೋದರ ಮೇಲೆ ನಿಂತಿದೆ, ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ರಾತ್ರಿ ಡಿಜೆ ಹಾಕೋ ಜಾಗ ಅಲ್ಲ ಅದು. ದೋಣೀಲಿ ಇಷ್ಟೇ ಜನ ಅಂತ ಇರ್ತದೆ, ಜಾಸ್ತಿ ಹತ್ತಿಸಿದ್ರೆ ಹತ್ತಬೇಡಿ.

ಬರೋದು ಯಾವಾಗ, ಹೇಗೆ ಅಂತಲೂ ಹೇಳಿಬಿಡ್ತೇನೆ, ಯಾಕಂದ್ರೆ ಎಲ್ಲರೂ ಡಿಸೆಂಬರ್ ಕೊನೇ ವಾರ ಬಂದ್ರೆ ಊರವರಿಗೆ ಹತ್ತು ದಿನ ಉಸಿರಾಡೋಕೆ ಪುರಸೊತ್ತಿಲ್ಲ, ಉಳಿದ ದಿನ ರೂಮು ಖಾಲಿ. ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಗಿರಾಕಿ ಇದ್ರೇನೇ ಮನೆಯವರು ಒಬ್ಬ ಊರ ಹುಡುಗನನ್ನ ಖಾಯಂ ಕೆಲಸಕ್ಕೆ ಇಟ್ಕೊಳ್ಳೋಕೆ ಆಗೋದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೇ ಕಾಲ, ಮಳೆ ಇಳಿದಿರ್ತದೆ, ಹೊಳೆ ತುಂಬಿರ್ತದೆ, ಬಾವೀಲಿ ನೀರಿರ್ತದೆ, ಮೀನುಗಾರಿಕೆ ಶುರು ಆಗಿರ್ತದೆ. ಸೋಮವಾರದಿಂದ ಗುರುವಾರದೊಳಗೆ ಬರೋಕೆ ಆದ್ರೆ ಇನ್ನೂ ಒಳ್ಳೇದು, ರೇಟೂ ಕಮ್ಮಿ. ಜೋರು ಮಳೇಲಿ ಘಟ್ಟದ ರಸ್ತೆ, ಹೈವೇ ಬಗ್ಗೆ ವಿಚಾರಿಸ್ಕೊಂಡೇ ಹೊರಡಿ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಲ್ಲಿ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ. ಬೆಂಗಳೂರಿಂದ ಕಾರವಾರಕ್ಕೆ ಪಂಚಗಂಗಾ ರೈಲು ಇದೆ, ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ ಎಲ್ಲ ಕಡೆ ಸ್ಟೇಶನ್ ಇದೆ. ಸ್ಟೇಶನ್ನಿಂದ ಊರಿಗೆ ಆಟೋ, ಟೆಂಪೋ, ಇಲ್ಲ ಬಸ್ಸು. ಎರಡು ದಿನಕ್ಕೆ ಐದು ಬೀಚು, ಮೂರು ಫಾಲ್ಸು ಅಂತ ಓಡೋ ಬದಲು ಒಂದೇ ಊರಲ್ಲಿ ಮೂರು ರಾತ್ರಿ ಉಳೀರಿ, ಓಡಾಟದ ಡೀಸೆಲ್ಲಿಗೆ ಹೋಗೋ ದುಡ್ಡು ಊಟಕ್ಕೂ ದೋಣಿಗೂ ಹೋಗ್ತದೆ. ಮನೆಯವರ ಫೋನ್ ನಂಬರ್ ಇಟ್ಕೊಳ್ಳಿ, ಮುಂದಿನ ಸಲ ಆ್ಯಪ್ ಬೇಡ, ನೇರ ಅವರಿಗೇ ಫೋನ್ ಮಾಡಿ.